ಬೆರಳಗಲದ ಸಂದು

ಹುಡ್ ಮೇಸ್ತ್ರಿಯ ಅಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿಲ ಮುಂದೆ ಒಂದಲ್ಲ ಒಂದು ಬೋಳು ಜೀಪು, ಟೊಪ್ಪಿಗೆ ಕಳೆದುಕೊಂಡ ಹಿರಿಯರ ಹಾಗೆ ನಾಚಿಕೊಂಡು ನಿಂತಿರುತ್ತಿತ್ತು. ಅದೇ ಗುರುತು. ಮೂವತ್ತೆಂಟು ವರ್ಷಗಳಿಂದ ಮೇಸ್ತ್ರಿ ಹೊಲಿಯುತ್ತಿದ್ದದ್ದು ಹುಡ್ ಒಂದನ್ನೇ. ಜೀಪಿನ ಹುಡ್, ಮೂರು ಚಕ್ರದ ಗಾಡಿಯ ಹುಡ್, ಮಗುವನ್ನು ಕೂರಿಸಿ ತಳ್ಳುವ ಗಾಡಿಗೆ ಮಡಚುವ ಹುಡ್, ಮಳೆಕೋಟಿನ ಬೆನ್ನಿಗೆ ಜೋತುಬಿದ್ದಿರುವ ಹುಡ್, ಜೇನು ಸಾಕುವವರು ಮುಖಕ್ಕೆ ಬಲೆ ಇಳಿಬಿಟ್ಟುಕೊಳ್ಳುವ ಹುಡ್. ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ಪದವಿ ಸಮಾರಂಭದ ಕಪ್ಪು ನಿಲುವಂಗಿಯ ಜೊತೆ ತೊಡುವ ರೇಷ್ಮೆಯ ಹುಡ್ ಹರಿದಿದೆ ಎಂದು ತಂದಿದ್ದರು. ಅದನ್ನು ತಲೆಗೆ ಹಾಕುವುದಿಲ್ಲ, ಬೆನ್ನ ಮೇಲೆ ಸುಮ್ಮನೆ ಬಿದ್ದಿರುತ್ತದೆ ಎಂದು ತಿಳಿದು ಮೇಸ್ತ್ರಿ ಬೆರಗಾದರು. "ಇಷ್ಟೊಂದು ಓದಿದ ಮೇಲೂ ತಲೆ ಮುಚ್ಚೋಷ್ಟು ಬಟ್ಟೆ ಸಿಗಲಿಲ್ವಾ ಸಾರ್?" ಎಂದು ಕೇಳಿ, ಮೇಷ್ಟ್ರು ನಕ್ಕರೋ ಇಲ್ಲವೋ ನೋಡದೆ ಹೊಲಿದು ಕೊಟ್ಟರು.

"ನಿಮ್ಮನ್ನ ಬಿಟ್ರೆ ಹಾವಿಗೂ ಒಂದು ಹುಡ್ ಹೊಲೀತೀರ," ಎಂದು ಹೆಂಡತಿ ಹಂಗಿಸುತ್ತಿದ್ದಳು.

"ಅದಕ್ಕೆ ದೇವ್ರೇ ಹೊಲಿದುಬಿಟ್ಟಿದ್ದಾನೆ ಕಣೇ. ಹೊಲಿಗೆ ಎಲ್ಲಿ ಹಾಕಿದ್ದಾನೆ ಅಂತ ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ, ನೋಡು."

ತಮಾಷೆಯ ಮಾತಾದರೂ ಮೇಸ್ತ್ರಿಯ ಧರ್ಮವೆಲ್ಲ ಅದರಲ್ಲಿತ್ತು. ಹೊಲಿಗೆ ಕಾಣಬಾರದು, ಗಾಳಿ ನುಗ್ಗಬಾರದು. ಹುಡ್ ಕಟ್ಟಿ ಮುಗಿದ ಮೇಲೆ ಅವರು ದೊಡ್ಡ ಫ್ಯಾನನ್ನು ಅದರ ಮೇಲೆ ತಿರುಗಿಸಿ, ಒಳಗೆ ಕೂತು, ಎಡಗೈಯ ಹಿಂಬದಿಯನ್ನು ಒದ್ದೆ ಮಾಡಿಕೊಂಡು ಅಂಚಿನ ಸುತ್ತ ನಿಧಾನಕ್ಕೆ ಆಡಿಸುತ್ತಿದ್ದರು. ಎಲ್ಲಿ ಚರ್ಮಕ್ಕೆ ತಣ್ಣಗಾಯಿತೋ ಅಲ್ಲಿ ಸಂದು ಇದೆ ಎಂದರ್ಥ. ಸಂದು ಸಿಕ್ಕರೆ ಬಟ್ಟೆಯ ಪಟ್ಟಿಯನ್ನು ಹುರಿಯ ಹಾಗೆ ಬಿಗಿಯಾಗಿ ಸುರುಳಿ ಸುತ್ತಿ, ಅಂಚಿನೊಳಗೆ ತುರುಕಿ, ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚುತ್ತಿದ್ದರು. ಯಾರಾದರೂ "ಅಲ್ಲೊಂದು ಸ್ವಲ್ಪ ಬಿಟ್ಟಿರಿ ಮೇಸ್ತ್ರಿ, ಗಾಳಿ ಆಡಲಿ" ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಇಂಥ ಮನುಷ್ಯನಿಗೆ ಸಿಕ್ಕ ಅಳಿಯ, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವನು. ಒಳ್ಳೆಯವನೇ. ಆದರೆ ಎರಡೂ ಕೈ ಎಡಗೈ. ಮದುವೆಯಾದ ಹೊಸದರಲ್ಲಿ ಒಂದು ಮೊಳೆ ಹೊಡೆಯಲು ಹೋಗಿ ಗೋಡೆಯ ಆಚೆ ಬದಿಯಲ್ಲಿದ್ದ ಕನ್ನಡಿಯನ್ನು ಒಡೆದಿದ್ದ. ಬೆಡ್‌ಶೀಟು ಮಡಚಿದರೆ ಅದು ಸಮೋಸದ ಆಕಾರಕ್ಕೆ ಬರುತ್ತಿತ್ತು. ಮೇಸ್ತ್ರಿ ಅವನ ಮುಂದೆ ಏನೂ ಹೇಳುತ್ತಿರಲಿಲ್ಲ. ಹೇಳದೆ ಇರುವುದನ್ನೇ ಸಾಕಷ್ಟು ಜೋರಾಗಿ ಮಾಡುತ್ತಿದ್ದರು.

ಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು, ಅಂಗೈ ಮೇಲೆ ಮಲಗಿಸಬಹುದು ಎನ್ನುವಷ್ಟು. ಉಸಿರಾಡಲು ಕಷ್ಟಪಡುತ್ತಿದ್ದುದರಿಂದ ಎರಡನೆಯ ಮಹಡಿಯ ಮಕ್ಕಳ ಘಟಕದಲ್ಲಿ ಬೇರೆಯಾಗಿ ಇಟ್ಟರು. ಮಗಳು ಮೂರನೆಯ ಮಹಡಿಯಲ್ಲಿ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಳು. ಕೆಳಗಿಳಿದು ಮಗುವನ್ನು ನೋಡಲು ಇನ್ನೂ ಬಿಟ್ಟಿರಲಿಲ್ಲ. ಮೇಸ್ತ್ರಿಯ ಹೆಂಡತಿ ಅವಳ ಪಕ್ಕ ಬಿಟ್ಟು ಕದಲಲಿಲ್ಲ. ಮಗುವಿನ ಬಳಿಗೆ ದಿನಕ್ಕೆ ಒಮ್ಮೆ, ಒಬ್ಬೊಬ್ಬರಾಗಿ, ಹದಿನೈದು ನಿಮಿಷ ಹೋಗಬಹುದಿತ್ತು. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೇಸ್ತ್ರಿಯ ಸರದಿ, ಅವರ ಹಿಂದೆ ಅಳಿಯನದು.

ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದು, ನೀಲಿ ನಿಲುವಂಗಿ ತೊಟ್ಟು ಮೇಸ್ತ್ರಿ ಒಳಗೆ ಹೋದರು. ಮಗು ಅಂಗಾತ ಮಲಗಿತ್ತು. ತಲೆಯ ಮೇಲೆ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಡಬ್ಬಿಯನ್ನು ಬೋರಲು ಹಾಕಿದ್ದರು. ಅದರ ಹಿಂಬದಿಗೆ ಆಮ್ಲಜನಕದ ಕೊಳವೆ.

"ಇದೇನು ತಾಯೀ?" ಎಂದು ಕೇಳಿದರು.

"ಆಕ್ಸಿಜನ್ ಹುಡ್ ತಾತ," ಎಂದಳು ನರ್ಸು, ಆಚೆ ಮಂಚದ ಮಗುವಿಗೆ ಹಾಲಿನ ನಳಿಗೆ ಸರಿಪಡಿಸುತ್ತಾ. "ಬರೀ ನೋಡಿ, ಏನೂ ಮುಟ್ಟಬೇಡಿ."

ಹುಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೂರು ದಿನಗಳಿಂದ ಕೈಕಟ್ಟಿ ಕೂತಿದ್ದ ಮೇಸ್ತ್ರಿಗೆ ಜೀವ ಬಂತು. ಈ ಆಸ್ಪತ್ರೆಯಲ್ಲಿ ತಮಗೆ ತಿಳಿದ ವಿಷಯ ಒಂದಾದರೂ ಇದೆ! ಬಗ್ಗಿ ನೋಡಿದರು. ಅಚ್ಚುಕಟ್ಟಾದ ಕೆಲಸ, ಮೂಲೆಗಳನ್ನು ಚೆನ್ನಾಗಿ ಕೂಡಿಸಿದ್ದಾರೆ. ಆದರೆ ಮಗುವಿನ ಕತ್ತು ಬರುವ ಕಡೆ ಅರ್ಧಚಂದ್ರದ ಹಾಗೆ ಕತ್ತರಿಸಿದ್ದಾರಲ್ಲ, ಅಲ್ಲಿ ಸುತ್ತಲೂ ಒಂದು ಬೆರಳಗಲ ಸಂದು. ಮೇಸ್ತ್ರಿ ತೊಳೆದು ಇನ್ನೂ ಒದ್ದೆಯಿದ್ದ ಎಡಗೈಯ ಹಿಂಬದಿಯನ್ನು ಮಗುವಿಗೆ ತಾಗದ ಹಾಗೆ ಅಲ್ಲಿ ಹಿಡಿದರು. ತಣ್ಣಗಾಯಿತು. ಗಾಳಿ ಸೋರುತ್ತಿದೆ! ಪಕ್ಕದ ಯಂತ್ರದಲ್ಲಿ ತೊಂಬತ್ತೊಂದು ಎಂಬ ಅಂಕಿ ಮಿನುಗುತ್ತಿತ್ತು. ಅದು ತೊಂಬತ್ತೈದಕ್ಕೆ ಏರಬೇಕು ಎಂದು ಡಾಕ್ಟರು ಹೇಳಿದ್ದರು. ಏರುವುದಾದರೂ ಹೇಗೆ? ಅರ್ಧ ಆಮ್ಲಜನಕವೆಲ್ಲ ಸಂದಿಯಲ್ಲಿ ಹೊರಗೆ ಹೋಗುತ್ತಿದೆ. ಓದಿದವರು ಎಷ್ಟೇ ಓದಲಿ, ಹುಡ್ ಕೂರಿಸುವುದು ಬೇರೆಯೇ ವಿದ್ಯೆ.

ಮಗುವಿನ ಕಾಲ ಬಳಿ ಒಗೆದು ಮಡಚಿಟ್ಟ ಮೆತ್ತನೆಯ ಬಟ್ಟೆಯೊಂದಿತ್ತು. ಮುಟ್ಟಬೇಡಿ ಎಂದದ್ದು ನೆನಪಿರಲಿಲ್ಲವೆಂದಲ್ಲ. ಆ ಮಾತು ಹುಡ್ ಗೊತ್ತಿಲ್ಲದವರಿಗೆ ಹೇಳಿದ್ದು ಎಂದುಕೊಂಡರು. ಬಟ್ಟೆಯನ್ನು ಎರಡೇ ಉಸಿರಿನಲ್ಲಿ ಬಿಗಿಯಾಗಿ ಸುರುಳಿ ಸುತ್ತಿ, ಕತ್ತಿನ ಸುತ್ತ ನವಿರಾಗಿ ಕೂರಿಸಿದರು. ಒಂದು ಸುಕ್ಕಿಲ್ಲ. ಹುಡ್ಡಿನ ಅಂಚೇ ಹಾಗಿದೆಯೇನೋ ಎನ್ನಬೇಕು. ಅಂಕಿ ತೊಂಬತ್ತೆರಡಾಯಿತು, ಆಮೇಲೆ ತೊಂಬತ್ತಮೂರು. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಾರಿಗೂ ಏನೂ ಹೇಳದೆ ಹೊರಗೆ ಬಂದು, ಬಾಗಿಲಲ್ಲಿ ಕಾದಿದ್ದ ಅಳಿಯನಿಗೆ, "ಹೋಗಪ್ಪಾ, ನೋಡ್ಕೊಂಡು ಬಾ. ಏನೂ ಕೆಡಿಸ್ಬೇಡ," ಎಂದು ಬುದ್ಧಿ ಹೇಳಿ, ಅಂಗಡಿಗೆ ಹೊರಟರು.

ಅಂಗಡಿಯಲ್ಲಿ ಕೈ ಸರಾಗವಾಗಿ ಓಡಿತು. ಗುನುಗುತ್ತಾ ಜೀಪಿನ ಹುಡ್ಡಿಗೆ ಅರ್ಧ ಹೊಲಿಗೆ ಹಾಕಿದ್ದರು. ಆಗ ಹೋಟೆಲಿನ ಅಡುಗೆಭಟ್ಟರು ಕೈಯಲ್ಲಿ ಸೌಟು ಒಂದಿಲ್ಲ ಅಷ್ಟೇ, ಹಾಗೆ ನುಗ್ಗಿದರು. ಹಿಂದಿನ ವಾರ ಅವರ ಅಡುಗೆಮನೆಯ ಒಲೆಯ ಮೇಲಿನ ಹೊಗೆ ಹುಡ್ಡಿಗೆ ಸುತ್ತಲೂ ಪರದೆ ಕಟ್ಟಿ, ಕಿಟಕಿಯ ಸಂದಿಗಳನ್ನೂ ಮುಚ್ಚಿ, "ಇನ್ನು ನಿಮ್ಮ ಹೊಗೆ ಅಲುಗಾಡಿದ್ರೆ ಕೇಳಿ" ಎಂದು ಬಂದಿದ್ದರು ಮೇಸ್ತ್ರಿ.

"ನಿಜ ಕಣ್ರೀ, ಅಲುಗಾಡ್ತಿಲ್ಲ!" ಎಂದು ಭಟ್ಟರು ಕೂಗಿದರು. "ಹೊರಗೂ ಹೋಗ್ತಿಲ್ಲ, ಅಲ್ಲೇ ನಿಂತ್ಕೊಂಡಿದೆ. ನಿನ್ನೆಯಿಂದ ತಲೆ ಸಿಡೀತಿದೆ. ಬೆಂಕಿ ಹಳದಿ ಬಣ್ಣಕ್ಕೆ ತಿರುಗಿದೆ."

"ಹುಡ್ಡಿನ ತಪ್ಪಲ್ಲ ಭಟ್ರೇ. ಮೇಲಿನ ಫ್ಯಾನು ಎಳೀತಿಲ್ಲ."

"ಅಳಿಯ ಅಲ್ಲ, ಮಗಳ ಗಂಡ! ಫ್ಯಾನು ಎಳೆಯೋಕೆ ಗಾಳಿ ಎಲ್ಲಿದೆ? ರಿಪೇರಿಯವನು ಬಂದು ನೋಡಿ ನಕ್ಕು ಹೋದ. ಎಲ್ಲಾ ಸಂದೂ ಮುಚ್ಚಿಬಿಟ್ಟಿದ್ದೀರಲ್ಲ ಸ್ವಾಮಿ, ಕೆಟ್ಟ ಗಾಳಿ ಎಲ್ಲಿಂದ ಹೋಗ್ಬೇಕು? ಬಿಟ್ಟ ಉಸಿರನ್ನೇ ತಿರುಗಿ ಎಳ್ಕೊಂಡು ಸಾಯಿ ಅಂತಾನಾ?"

ಮೇಸ್ತ್ರಿ ಸೂಜಿಯನ್ನು ಅಂಗಿಗೆ ಚುಚ್ಚಿ ಉತ್ತರ ಕೊಡಲು ಎದ್ದರು. ಬಿಟ್ಟ ಉಸಿರು. ಮಗು ಬಿಟ್ಟ ಉಸಿರು ಆ ಡಬ್ಬಿಯಿಂದ ಎಲ್ಲಿ ಹೋಗುತ್ತದೆ? ಹಿಂದೆ ಕೊಳವೆ, ಮೇಲೆ ಮುಚ್ಚಳ, ಪಕ್ಕಕ್ಕೆ ಗೋಡೆ. ಇದ್ದದ್ದು ಒಂದೇ ದಾರಿ, ಕತ್ತಿನ ಸುತ್ತ ಬೆರಳಗಲ. ಅದನ್ನು ಅವರೇ, ಈ ಕೈಯಿಂದಲೇ, ಮುಚ್ಚಿ ಬಂದಿದ್ದರು.

ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಒಂದೂಕಾಲು ಗಂಟೆ ಕಳೆದಿದೆ. ಅಳಿಯನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಘಟಕದ ಬಳಿ ಫೋನು ಇಡುವಂತಿಲ್ಲ. ಹೆಂಡತಿಯ ಫೋನು ಎಂಗೇಜು, ಲೋಕದಲ್ಲಿರುವ ನೆಂಟರಿಗೆಲ್ಲ ಮೊಮ್ಮಗಳ ಸುದ್ದಿ ಹಂಚುತ್ತಿದ್ದಳು. ಆಸ್ಪತ್ರೆಯ ಫೋನು ರಿಂಗಾಗಿ ರಿಂಗಾಗಿ ನಿಂತಿತು.

"ಭಟ್ರೇ, ಗಾಡಿ ತಂದಿದ್ದೀರಾ?"

"ತಂದಿದ್ದೀನಿ. ಮೊದ್ಲು ನನ್ನ ಅಡುಗೆಮನೆ..."

"ನನ್ನ ಮೊಮ್ಮಗಳ ಉಸಿರು ಕಟ್ಟಿಸಿಬಿಟ್ಟಿದ್ದೀನಿ ಭಟ್ರೇ. ಆಸ್ಪತ್ರೆಗೆ ಬಿಡಿ."

ಜಗಳಕ್ಕೆ ಬಂದವರು ಮೇಸ್ತ್ರಿಯ ಮುಖ ನೋಡಿ ಸ್ಕೂಟರಿನ ಕಡೆ ಓಡಿದರು. ಸ್ಕೂಟರು ನಾಲ್ಕು ಬೀದಿಗಳನ್ನು ಸಿಗ್ನಲ್ಲಿನ ಹಂಗಿಲ್ಲದೆ ದಾಟಿತು. ಹಿಂದೆ ಕೂತ ಮೇಸ್ತ್ರಿಯ ಅಂಗಿಯಲ್ಲಿ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡೇ ಇತ್ತು. ಅವರ ತಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸುತ್ತುತ್ತಿದ್ದದ್ದು ಈ ಯೋಚನೆ. ಕೆಲಸ ಕೆಟ್ಟದಾಗಿ ಮಾಡಿದ್ದರೆ ಯಾರಾದರೂ ಕಂಡು ತೆಗೆದಿರುತ್ತಿದ್ದರು. ಹಾಳಾದ ಈ ಕೈಗೆ ಕೆಟ್ಟದಾಗಿ ಮಾಡಲು ಬರುವುದಿಲ್ಲವಲ್ಲ! ಹೊಲಿಗೆ ಕಾಣಬಾರದು, ಹೊಲಿಗೆ ಕಾಣಬಾರದು ಎಂದು ಮೂವತ್ತೆಂಟು ವರ್ಷ ಜಪ ಮಾಡಿದ್ದಕ್ಕೆ ಇದೇ ಫಲ. ದೇವರೇ, ಎಲ್ಲಾದರೂ ಒಂದು ಸುಕ್ಕು ಉಳಿದಿರಲಿ ಎಂದು ಬೇಡಿಕೊಂಡರು. ಅಂಥ ಪ್ರಾರ್ಥನೆಯನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.

ಘಟಕದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಈಗ ಟೈಮ್ ಅಲ್ಲ ತಾತ."

ಮೇಸ್ತ್ರಿ ಅವನ ಕೈಯ ಕೆಳಗಿಂದ ನುಸುಳಿ ಬಾಗಿಲಿನ ಗಾಜನ್ನು ದಡಬಡ ಬಡಿದರು. ನರ್ಸು ಓಡಿ ಬಂದು ಬಾಗಿಲು ತೆರೆದಳು.

"ಕತ್ತಿನ ಹತ್ರ ಬಟ್ಟೆ... ತೆಗೀರಿ ತಾಯಿ... ನಾನೇ ಇಟ್ಟಿದ್ದು, ನಾನೇ..."

"ಬಟ್ಟೆನಾ? ಅದನ್ನ ಆಗಲೇ ತೆಗೆದಾಯ್ತಲ್ಲ," ಎಂದಳು ನರ್ಸು. "ನೀವು ಹೋಗಿ ಐದು ನಿಮಿಷ ಆಗಿರ್ಲಿಲ್ಲ. ಮಗು ಚೆನ್ನಾಗಿದೆ. ನೋಡಿ ಇಲ್ಲಿಂದಲೇ."

ಮೇಸ್ತ್ರಿ ನೋಡಿದರು. ಪುಟ್ಟ ಹೊಟ್ಟೆ ಏರಿ ಇಳಿಯುತ್ತಿತ್ತು. ಮತ್ತೆ ಏರಿತು, ಮತ್ತೆ ಇಳಿಯಿತು. ಹೋದ ಜೀವ ಬಂದಂತಾಯಿತು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಕಾಲಿನ ಕಡೆಯಿಂದ ಬರುತ್ತದೆ, ಮೊದಲು ಪಾದ ಬೆಚ್ಚಗಾಗುತ್ತದೆ ಎಂಬುದು ಮೇಸ್ತ್ರಿಗೆ ಆ ದಿನ ಗೊತ್ತಾಯಿತು. ಗೋಡೆಗೆ ಆತುಕೊಂಡು ಕೈಮುಗಿದರು. ಯಾರಿಗೆ ಮುಗಿದರೋ, ನರ್ಸಿಗೋ ಯಂತ್ರಕ್ಕೋ ಅವರಿಗೇ ತಿಳಿಯದು.

ನರ್ಸಿನ ಹುಬ್ಬು ಮಾತ್ರ ಗಂಟಿಕ್ಕಿತು. "ಇರಿ ತಾತ. ನೀವು ಇಟ್ಟಿದ್ದಾ? ನಿಮ್ಮ ಅಳಿಯ ತಾನೇ ಇಟ್ಟಿದ್ದು ಅಂದ್ರಲ್ಲ? ಅವರಿಗೆ ಹೆಡ್ ಸಿಸ್ಟರ್ ಮಂಗಳಾರತಿ ಮಾಡಿ, ನಾಲ್ಕು ದಿನ ಒಳಗೆ ಕಾಲಿಡಬಾರದು ಅಂತ ಹೊರಗೆ ಹಾಕಿದ್ದಾರೆ."

ಮೇಸ್ತ್ರಿ ತಿರುಗಿದರು. ಓಡಿ ಬರುವ ರಭಸದಲ್ಲಿ ಅವರು ಗಮನಿಸಿಯೇ ಇರಲಿಲ್ಲ. ಮೂಲೆಯ ಬೆಂಚಿನ ಮೇಲೆ ಅಳಿಯ ಮೊಣಕಾಲಿನ ಮೇಲೆ ಕೈಯೂರಿಕೊಂಡು, ತರಗತಿಯಿಂದ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ಕೂತಿದ್ದ. ಮಾವನನ್ನು ಕಂಡು ಎದ್ದು ನಿಂತ.

"ಇವನು?" ಎಂದರು ಮೇಸ್ತ್ರಿ. ಅಷ್ಟು ಸಂಕಟದಲ್ಲೂ ಕಸುಬಿನ ಸ್ವಾಭಿಮಾನ ಒಮ್ಮೆ ಹೆಡೆಯೆತ್ತಿತು. "ಇವನ ಕೈಯಲ್ಲಿ ಹಾಗೆ ಸುತ್ತೋಕಾಗುತ್ತಾ? ಕರವಸ್ತ್ರ ಮಡಚೋಕೆ ಬರಲ್ಲ ಇವನಿಗೆ! ನೀವು ಹೇಗಮ್ಮ ನಂಬಿದ್ರಿ?"

ನರ್ಸು ನಗು ತಡೆದುಕೊಂಡಳು. "ನನಗೂ ಅನುಮಾನ ಬಂತು. ನೋಡಿದ್ರೆ ಹುಡ್ಡಿನ ಜೊತೆಗೇ ಬಂದ ಹಾಗಿತ್ತು. ಪ್ರತಿ ಭೇಟಿ ಮುಗಿದ ಮೇಲೂ ಕತ್ತಿನ ಸುತ್ತ ಬೆರಳಾಡಿಸಿ ನೋಡೋದು ನಮ್ಮ ನಿಯಮ, ಹಾಗಾಗಿ ಸಿಕ್ತು. ಕಣ್ಣಿಗಂತೂ ಕಾಣ್ತಿರ್ಲಿಲ್ಲ." ಹೆಡ್ ಸಿಸ್ಟರಿಗೆ ಹೇಳುತ್ತೇನೆ ಎಂದು ಅವಳು ಒಳಗೆ ಹೋದಳು.

ಮಾವ ಅಳಿಯ ಇಬ್ಬರೇ ಉಳಿದರು. ಇಬ್ಬರೂ ಬೆಂಚಿನ ಮೇಲೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ಯಾಕಪ್ಪಾ ಹಾಗೆ ಹೇಳಿದೆ?"

ಅಳಿಯ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸಿದ ಮೇಲೆ ಅದು ಮೊದಲಿಗಿಂತ ಕೊಳೆಯಾಗಿತ್ತು. "ಸಿಸ್ಟರ್ ಆ ಸುರುಳಿ ಎಳೆದು ತೋರಿಸಿದ್ರು ಮಾವ. ನೋಡಿದ ಕೂಡಲೇ ನಿಮ್ಮ ಕೈ ಅಂತ ಗೊತ್ತಾಯ್ತು. ಮಗುಗೆ ಏನೂ ಆಗಿರ್ಲಿಲ್ಲ. ಯಾರು ಇಟ್ಟಿದ್ದು ಅಂತ ಕೇಳಿದ್ರು. ನೀವು ಅಂದಿದ್ರೆ ನಿಮ್ಮನ್ನ ಕರೆಸಿ ಕೇಳೋರು. ನಿಮಗೆ ಗೊತ್ತಾಗೋದು."

"ಗೊತ್ತಾದ್ರೆ ಆಗ್ಲಿ. ಮಾಡಿದೋನು ನಾನು."

"ಗೊತ್ತಾಗಿದ್ರೆ ನೀವು ಇನ್ನೊಂದು ಸಲ ಸೂಜಿ ಮುಟ್ತಿರ್ಲಿಲ್ಲ ಮಾವ."

ಮೇಸ್ತ್ರಿ ತಲೆ ತಗ್ಗಿಸಿದರು. ಮಾತು ನಿಜವಾಗಿತ್ತು. ಸ್ಕೂಟರಿನ ಮೇಲೆ ಬರುವಾಗ ಅವರು ಅಂದುಕೊಂಡಿದ್ದೂ ಅದನ್ನೇ. ಮಗು ಉಳಿದರೂ ಅಳಿದರೂ ಅಂಗಡಿಗೆ ಬೀಗ. ಮೂವತ್ತೆಂಟು ವರ್ಷ ಜೊತೆಗಿದ್ದ ಹೆಂಡತಿ ಅದನ್ನು ಊಹಿಸಿದ್ದರೆ ಆಶ್ಚರ್ಯವಿರಲಿಲ್ಲ. ಈ ಎರಡು ಎಡಗೈಯವನು ಯಾವಾಗ ತಮ್ಮನ್ನು ಇಷ್ಟು ಓದಿಕೊಂಡ? ತಾವು ಇವನ ಕೈ ನೋಡಿದ್ದೇ ನೋಡಿದ್ದು, ಮುಖ ನೋಡಿದ್ದೆಷ್ಟು ಸಲ? ನಾಚಿಕೆಯಾಯಿತು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ನಾಲ್ಕು ದಿನ ಮಗಳನ್ನ ನೋಡದೆ ಇರ್ತಿದ್ದೆಯಾ?"

"ಗಾಜಿದೆಯಲ್ಲ ಮಾವ," ಎಂದ ಅಳಿಯ.

ಮೇಸ್ತ್ರಿ ನಡುವಿನ ಜಾಗ ದಾಟಿ ಸರಿದು ಕೂತು, ಅವನ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡರು. "ಊಟ ಮಾಡಿದೆಯಾ?" ಎಂದು ಕೇಳಿದರು. ಇಲ್ಲ ಎಂದ. ಅಷ್ಟರಲ್ಲಿ ಕೆಳಗೆ ಕಾದು ಕಾದು ಬೇಸತ್ತ ಭಟ್ಟರು ಮೆಟ್ಟಿಲು ಹತ್ತಿ ಬಂದು, ಇಬ್ಬರ ಮುಖದ ಮೇಲೆ ಕಣ್ಣೀರು ಕಂಡು ಗೋಡೆಗೊರಗಿಬಿಟ್ಟರು. ಮಗು ಕ್ಷೇಮ ಎಂದು ತಿಳಿದ ಮೇಲೆ ಅವರಿಗೂ ಉಸಿರು ಬಂತು, ಉಸಿರಿನ ಹಿಂದೆಯೇ ಬೈಗುಳವೂ ಬಂತು. ಮೇಸ್ತ್ರಿಯನ್ನು ಹೊಟ್ಟೆ ತುಂಬ ಬೈದು, ಇಬ್ಬರಿಗೂ ಊಟ ಕಳಿಸುತ್ತೇನೆ ಎಂದು ಹೊರಟರು.

ಹೆಡ್ ಸಿಸ್ಟರು ಬಂದರು. ಕನ್ನಡಕದ ಮೇಲಿಂದ ಒಮ್ಮೆ ಇವರನ್ನು, ಒಮ್ಮೆ ಅವನನ್ನು ನೋಡಿದರು. "ಶಿಕ್ಷೆ ಶಿಕ್ಷೆಯೇ. ಇನ್ಮೇಲೆ ಅಪ್ಪ ಒಳಗೆ, ತಾತ ಹೊರಗೆ. ನಾಲ್ಕು ದಿನ."

"ಎಂಟು ದಿನ ಮಾಡಿ ತಾಯಿ," ಎಂದರು ಮೇಸ್ತ್ರಿ. "ಬೇಕಿದ್ರೆ ಗಾಜಿನಿಂದಲೂ ಒಂದು ಮಾರು ದೂರ ನಿಲ್ತೀನಿ."

ಮಧ್ಯಾಹ್ನ ಮೂರಕ್ಕೆ ಮಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೊದಲ ಸಲ ಕೆಳಗೆ ಕರೆತಂದರು. ಹೆಂಡತಿ ಹಿಂದಿನಿಂದ ತಳ್ಳುತ್ತಿದ್ದಳು. ಅಂಕಿ ಮಧ್ಯಾಹ್ನಕ್ಕೆ ತೊಂಬತ್ತಾರಕ್ಕೆ ಏರಿದ್ದರಿಂದ ಆ ದಿನವೇ ಮಗುವಿನ ಹುಡ್ ತೆಗೆದು ನೋಡುವುದಾಗಿ ಡಾಕ್ಟರು ಹೇಳಿದ್ದರಂತೆ. ಎಲ್ಲರೂ ಒಳಗೆ ಹೋಗುವಂತಿರಲಿಲ್ಲ. ಅಳಿಯ ನೀಲಿ ನಿಲುವಂಗಿ ತೊಟ್ಟು ಹೋದ, ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು. ಉಳಿದವರು ಗಾಜಿನ ಮುಂದೆ ನಿಂತರು.

ಮೇಸ್ತ್ರಿ ಮಗಳಿಗೆ ಎಲ್ಲವನ್ನೂ ಹೇಳಿದರು. ಬಟ್ಟೆಯ ಸುರುಳಿಯಿಂದ ಬೆಂಚಿನವರೆಗೆ, ಒಂದನ್ನೂ ಬಿಡದೆ, ತಮ್ಮನ್ನು ಉಳಿಸಿಕೊಳ್ಳುವ ಒಂದು ಮಾತನ್ನೂ ಸೇರಿಸದೆ ಹೇಳಿದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳ ಮುಖ ಮೊದಲು ಬಿಳುಪೇರಿತು, ಆಮೇಲೆ ಕೆಂಪಾಯಿತು. ಮುಷ್ಟಿ ಕಟ್ಟಿ ಅಪ್ಪನ ತೋಳಿಗೆ ಒಂದು ಗುದ್ದು ಗುದ್ದಿದಳು. ಬಾಣಂತಿಯ ಕೈಯಲ್ಲಿ ಇಷ್ಟು ಬಲವಿದೆಯೇ ಎಂದು ಮೇಸ್ತ್ರಿಗೆ ಅದರಲ್ಲೂ ಒಂದು ಸಮಾಧಾನ. ಗುದ್ದಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪನ ತೋಳನ್ನೇ ಹಿಡಿದುಕೊಂಡಳು.

ಒಳಗೆ ನರ್ಸು ಹುಡ್ಡನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಅಂಕಿ ತೊಂಬತ್ತಾರರಿಂದ ತೊಂಬತ್ತಮೂರಕ್ಕೆ ಇಳಿಯಿತು. ತೊಂಬತ್ತೆರಡು. ಮಗು ಮುಖ ಕಿವುಚಿತು, ಕೈಕಾಲು ಒದರಿತು, ಬಾಯಿ ಅಗಲಿಸಿ ಅಳಲು ಶುರು ಮಾಡಿತು. ದನಿ ಹೊರಗೆ ಕೇಳಿಸದು. ಆದರೆ ಆ ಬಾಯಿ ನೋಡಿದರೆ ಎಂಥ ಕಿರುಚಾಟ ಇರಬಹುದೆಂದು ಯಾರಿಗಾದರೂ ತಿಳಿಯುತ್ತಿತ್ತು. ಅಂಕಿ ತೊಂಬತ್ತಮೂರಾಯಿತು, ತೊಂಬತ್ತೈದಾಯಿತು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು. ಅದು ಅಲ್ಲಿಂದ ಕದಲಲಿಲ್ಲ. ಡಾಕ್ಟರು ಬಗ್ಗಿ ನೋಡಿ, ಅಳಿಯನಿಗೆ ಏನೋ ಹೇಳಿ, ಅವನ ಬೆನ್ನು ತಟ್ಟಿದರು. ಅಳಿಯ ಗಾಜಿನ ಕಡೆ ತಿರುಗಿ, ಸಿಕ್ಸರಿಗೆ ಅಂಪೈರು ಎತ್ತುವ ಹಾಗೆ ಎರಡೂ ಕೈ ಮೇಲೆತ್ತಿದ. ಎತ್ತುವಾಗ ಒಂದು ಕೈ ಮೇಲಿನ ದೀಪಕ್ಕೆ ತಾಗಿ ನರ್ಸಿನಿಂದ ಬೈಸಿಕೊಂಡ.

ಮೇಸ್ತ್ರಿ ಇದ್ದಲ್ಲೇ ಗೋಡೆಗೆ ಬೆನ್ನು ಕೊಟ್ಟು, ಆಸ್ಪತ್ರೆಯ ನಡುದಾರಿಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಬಂದು ಹೋಗುವವರು ಅವರನ್ನು ಬಳಸಿಕೊಂಡು ನಡೆದರು.

"ಅಪ್ಪಾ, ಏಳಿ. ಜನ ನೋಡ್ತಿದ್ದಾರೆ," ಎಂದಳು ಮಗಳು, ಅಳುತ್ತಾ ನಗುತ್ತಾ.

"ನೋಡ್ಲಿ ಬಿಡಮ್ಮ," ಎಂದು ಮೇಸ್ತ್ರಿ ಅಲ್ಲೇ ಕೂತು ಹೊಟ್ಟೆ ತುಂಬ ಉಸಿರಾಡಿದರು.